ಮೀಸೆ ತೆಗೆದು ಬಾ

ಬಂಟ್ವಾಳ
ಬುಧವಾರ, ಫೆಬ್ರವರಿ 1966

ಚಿರಂಜೀವಿ ಶಂಭುವಿಗೆ ನಿನ್ನ ಸೋದರಮಾವ ಮುಂಡಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಮ್ಮ ಮತ್ತು ಅಂಕದಲ್ಲಿ ಕಾದಾಡುವ ನನ್ನ ಕೋಳಿಗಳು ಎಲ್ಲರೂ ಕ್ಷೇಮ. ಮೂಡುಬಿದಿರೆಯಲ್ಲಿ ನೀನು ಅಷ್ಟೊಂದು ಕ್ಷೇಮವಿಲ್ಲವೆಂದು ನಿನ್ನ ಕಾರ್ಡು ಓದಿದ ಕೂಡಲೇ ಗೊತ್ತಾಯಿತು. ಅಷ್ಟು ಚಿಕ್ಕ ಕಾರ್ಡಿನಲ್ಲಿ ಎಷ್ಟು ಸಲ ‘ದಯವಿಟ್ಟು ಮಾವ’ ಎಂದು ಬರೆದಿದ್ದೀ, ಮಾರಾಯ! ಸೋದರಮಾವನಿಗೆ ದಯವಿಟ್ಟು ಎನ್ನುವ ಅಳಿಯ ಒಂದೋ ಹಣ ಕೇಳುತ್ತಾನೆ, ಇಲ್ಲವಾದರೆ ಬಾಯಿ ಮುಚ್ಚಿ ಕುಳಿತುಕೋ ಎನ್ನುತ್ತಾನೆ. ನೀನು ಹಣ ಕೇಳಲಿಲ್ಲ.

ಬರುವ ಆದಿತ್ಯವಾರ ಮುಂಡಾಜೆಗೆ ಹೆಣ್ಣು ನೋಡಲು ಹೋದಾಗ ನಾನು ನಿನ್ನ ತುಟಿಯ ವಿಷಯ ಎತ್ತಬಾರದು. ಆಪರೇಶನ್ ಎಂಬ ಶಬ್ದವೇ ನನ್ನ ಬಾಯಿಯಿಂದ ಬರಬಾರದು. ಅಷ್ಟರೊಳಗೆ ನಿನ್ನ ಮೀಸೆ ದಪ್ಪ ಆಗುತ್ತದೆ, ಆಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಇದು ನಿನ್ನ ಯೋಜನೆ. ನಾನು ಐದನೇ ಕ್ಲಾಸಿನವರೆಗೆ ಮಾತ್ರ ಕಲಿತವನಾದರೂ ಇದರಲ್ಲಿ ಎರಡು ತಪ್ಪು ಕಂಡುಹಿಡಿದಿದ್ದೇನೆ.

ಮೊದಲನೆಯದು ಮೀಸೆಯದ್ದು. ಮೊನ್ನೆ ಬಿ.ಸಿ.ರೋಡಿನಲ್ಲಿ ನಿಮ್ಮ ಬಸ್ಸಿನ ಏಜೆಂಟ್ ಹಸನಬ್ಬ ಸಿಕ್ಕಿದ. “ಮುಂಡಪ್ಪಣ್ಣ, ನಿಮ್ಮ ಅಳಿಯನ ಮೀಸೆ ನೋಡಿದ್ದೀರಾ? ಪೈರಿನ ಗದ್ದೆಯ ನಡುವೆ ಬೋಳು ಹುಣಿ ಹಾಕಿದ ಹಾಗೆ ಉಂಟು” ಎಂದ. ಹೊಲಿಗೆ ಬಿದ್ದ ಜಾಗದಲ್ಲಿ ರೋಮ ಹುಟ್ಟುವುದಿಲ್ಲ ಶಂಭು. ಮೀಸೆ ಇಲ್ಲದಿದ್ದರೆ ಎದುರು ಕುಳಿತವನಿಗೂ ಕಾಣದಷ್ಟು ಸಪೂರ ಗೆರೆ ಅದು. ಎರಡು ಬದಿಯಲ್ಲಿ ಕಪ್ಪು ಮೀಸೆ ಬೆಳೆಸಿದರೆ ಬಸ್ಸಿನ ಹಿಂದಿನ ಸೀಟಿನವನಿಗೂ ಕಾಣುತ್ತದೆ. ಮುಚ್ಚಲು ಹೋಗಿ ಬೇಲಿ ಕಟ್ಟಿ ತೋರಿಸಿದ್ದೀ.

ಎರಡನೆಯ ತಪ್ಪು ಆಮೇಲೆ ಹೇಳುತ್ತೇನೆ. ಮೊದಲು ಆ ಗೆರೆ ಅಷ್ಟು ಸಪೂರ ಆದದ್ದು ಹೇಗೆಂದು ನಿನಗೆ ನೆನಪು ಮಾಡಬೇಕು. ನೀನು ಹುಡುಗ, ಅರ್ಧ ಮರೆತಿದ್ದೀ. ಇನ್ನರ್ಧ ನಿನಗೆ ಗೊತ್ತೇ ಇಲ್ಲ.

ನೀನು ಹುಟ್ಟುವಾಗಲೇ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಅದಕ್ಕೆ ಕಾರಣವನ್ನು ನಮ್ಮ ದೊಡ್ಡಮ್ಮ ಅದೇ ದಿನ ಕಂಡುಹಿಡಿದರು. ಗ್ರಹಣದ ದಿನ ಬಸುರಿಯಾಗಿದ್ದ ನಿನ್ನ ಅಮ್ಮ ಕಾಂತಿ ಸೌತೆಕಾಯಿ ಕೊಯ್ದಿದ್ದಳಂತೆ. ಸೌತೆಕಾಯಿಗೆ ಹಾಕಿದ ಕತ್ತಿ ಮಗುವಿನ ತುಟಿಗೆ ತಾಗಿತಂತೆ! ಗ್ರಹಣ ಹಿಡಿದದ್ದು ಸೂರ್ಯನಿಗೆ, ಬಿಟ್ಟದ್ದೂ ಸೂರ್ಯನನ್ನೇ. ನನ್ನ ತಂಗಿಯನ್ನು ಮಾತ್ರ ಬಿಡಲಿಲ್ಲ. ನಿನ್ನ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಇದ್ದರು, ಅವರಿಗೆ ಇದೆಲ್ಲ ಕಾಗದದಲ್ಲಿ ಮಾತ್ರ ತಲುಪುತ್ತಿತ್ತು. ಇಲ್ಲಿ ಊರಿನವರ ಮಾತು ಕೇಳುತ್ತಿದ್ದವಳು ಅವಳು. ಊರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಎತ್ತಿಕೊಳ್ಳಲು ಅವಳ ಕೈಗೆ ಕೊಡುತ್ತಿರಲಿಲ್ಲ. ಸ್ವಲ್ಪ ಕಾಲದ ಮೇಲೆ ಅವಳೂ ಕೈ ಚಾಚುವುದನ್ನು ಬಿಟ್ಟಳು, ಮತ್ತೆ ಅಂಥ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ನಿನಗೆ ಹತ್ತು ವರ್ಷ ಆಗುವಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಇಂಥ ತುಟಿ ಹೊಲಿಯುತ್ತಾರೆಂದು ಸುದ್ದಿ ತಂದವನು ಇದೇ ಹಸನಬ್ಬ. ಕರೆದುಕೊಂಡು ಹೋದವನು ನಾನು. ಡಾಕ್ಟ್ರು ನಿನ್ನ ಅಮ್ಮನನ್ನು ಎದುರು ಕೂರಿಸಿ ಹೇಳಿದರು: “ಹೊಟ್ಟೆಯಲ್ಲಿರುವಾಗ ತುಟಿ ಎರಡು ಕಡೆಯಿಂದ ಬೆಳೆದು ಬಂದು ಸೇರಬೇಕಮ್ಮ. ಕೆಲವು ಮಕ್ಕಳಿಗೆ ಸೇರುವುದಿಲ್ಲ. ಅದು ಯಾರ ತಪ್ಪೂ ಅಲ್ಲ.” ಅವಳು ಹೌದೆಂದು ತಲೆ ಅಲ್ಲಾಡಿಸಿದಳು. ನಂಬಲಿಲ್ಲ.

ಹೊಲಿಗೆ ಹಾಕಿ ಆದ ಮೇಲೆ ನಾನು ಬಗ್ಗಿ ನೋಡಿದೆ. ಅಂಕದಲ್ಲಿ ಹೊಟ್ಟೆ ಸೀಳಿಸಿಕೊಂಡ ಎಷ್ಟು ಕೋಳಿಗಳನ್ನು ಸೂಜಿ ನೂಲು ಹಾಕಿ ಎದ್ದು ಕೂಗುವ ಹಾಗೆ ಮಾಡಿದವನು ನಾನು! ಹಾಗೆ ಒಬ್ಬ ಕಸುಬಿನವನು ಇನ್ನೊಬ್ಬ ಕಸುಬಿನವನಿಗೆ ಹೇಳುವ ರೀತಿಯಲ್ಲೇ, “ಡಾಕ್ಟ್ರೇ, ನಿಮ್ಮ ಹೊಲಿಗೆ ಅಡ್ಡಿಯಿಲ್ಲ. ನಾನಾದರೆ ನೂಲು ಸ್ವಲ್ಪ ದಪ್ಪ ಹಾಕುತ್ತಿದ್ದೆ” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಳ್ಳೆಯದು, ನೀವೂ ಕಸುಬಿನವರು. ಹಾಗಾದರೆ ಅರ್ಧ ಕೆಲಸ ನಿಮಗೆ. ಹೊಲಿಯುವುದು ನನ್ನದು, ಕಲೆ ಮಾಸುವ ಹಾಗೆ ನೋಡಿಕೊಳ್ಳುವುದು ಮನೆಯವರದ್ದು” ಎಂದರು. ನನಗೆ ತಮಾಷೆ ಮಾಡಿದರೆಂದು ಅಲ್ಲಿದ್ದ ನರ್ಸು ನಕ್ಕಳು. ನಾನು ಮಾತ್ರ ಅದನ್ನು ಅಪಾಯಿಂಟ್‌ಮೆಂಟ್ ಆರ್ಡರ್ ಎಂದೇ ತೆಗೆದುಕೊಂಡೆ.

ಊರಿಗೆ ಬಂದ ಮೇಲೆ ಗಾಯ ಕೂಡಿತು, ಕಲೆ ಮಾತ್ರ ಕೆಂಪಾಗಿ ಉಬ್ಬಿ, ಮುಟ್ಟಿದರೆ ಹುರಿಹಗ್ಗದ ಹಾಗೆ ಗಟ್ಟಿಯಾಯಿತು. ತುಟಿಯನ್ನು ಮೇಲಕ್ಕೆ ಜಗ್ಗಿ ಹಿಡಿಯಿತು. “ಮೊದಲು ಬಿರುಕು ಇತ್ತು, ಈಗ ಎರೆಹುಳ ಉಂಟು” ಎಂದರು ದೊಡ್ಡಮ್ಮ. ನೀನು ಕನ್ನಡಿಯನ್ನು ಭತ್ತದ ಕಣಜದ ಹಿಂದೆ ಅಡಗಿಸಿಟ್ಟೆ. ಊರಿನ ಹೆಂಗಸರೆಲ್ಲ ಮದ್ದು ತಂದರು. ಒಬ್ಬಳು ಸುಣ್ಣ ಅರಸಿನ, ಇನ್ನೊಬ್ಬಳು ಲಿಂಬೆಹುಳಿ. ದೊಡ್ಡಮ್ಮ ಗೇರುಬೀಜದ ಸಿಪ್ಪೆ ಸುಟ್ಟು ತೆಗೆದ ಎಣ್ಣೆಯನ್ನೇ ತಂದರು, ಹಳೆಯ ಚರ್ಮ ಸುಲಿದು ಹೊಸತು ಬರುತ್ತದಂತೆ. ಆ ಎಣ್ಣೆ ತಾಗಿದರೆ ಎತ್ತಿನ ತೊಗಲೂ ಬೊಬ್ಬೆ ಏಳುತ್ತದೆ! “ದೊಡ್ಡಮ್ಮ, ಮೊದಲು ನಿಮ್ಮ ಕೆನ್ನೆಗೆ ಹಚ್ಚುವ. ಅಲ್ಲಿ ಸುಕ್ಕು ಹೋದರೆ ನಾಳೆ ಹುಡುಗನಿಗೆ ಹಚ್ಚುವ” ಎಂದೆ. ಅವರು ನನ್ನ ಹತ್ತಿರ ಮಾತು ಬಿಟ್ಟರು. ಮನೆಗೆ ಬಹಳ ನೆಮ್ಮದಿಯಾಯಿತು.

ನರ್ಸು ಹೇಳಿಕೊಟ್ಟದ್ದು ಬಹಳ ಸಣ್ಣ ಕೆಲಸ. ಗಾಯ ಪೂರ್ತಿ ಒಣಗಿದ ಮೇಲೆ ಹೆಬ್ಬೆರಳಿಗೆ ಒಂದು ತೊಟ್ಟು ತೆಂಗಿನೆಣ್ಣೆ ಮುಟ್ಟಿಸಿ ಕಲೆಯನ್ನು ಒತ್ತಿ ಮೆಲ್ಲನೆ ತಿಕ್ಕುವುದು, ಬೆಳಿಗ್ಗೆ ಮತ್ತು ಸಂಜೆ. ಕೆರೆಯಬಾರದು. ಬಿಸಿಲು ತಾಗಿಸಬಾರದು, ತಾಗಿದರೆ ಕಪ್ಪು ಕಟ್ಟುತ್ತದೆ. ತುಟಿಗೆ ಕೆಲಸ ಕೊಡಬೇಕು, ಊದಬೇಕು, ನಗಬೇಕು. ಮತ್ತೆ ವರ್ಷಗಟ್ಟಲೆ ತಾಳ್ಮೆ ಬೇಕು. ಈ ಕೊನೆಯದ್ದು ನಮ್ಮ ಕುಟುಂಬದಲ್ಲಿ ಯಾರಲ್ಲಿಯೂ ಇರಲಿಲ್ಲ, ಹೊಸತಾಗಿ ತರಬೇಕಾಯಿತು.

ತಿಕ್ಕುವ ಕೆಲಸ ನಾನೇ ಹಿಡಿದೆ. ನಿನ್ನ ಅಮ್ಮ ಮುಟ್ಟುತ್ತಿರಲಿಲ್ಲ. ಎಣ್ಣೆಯ ಹಿತ್ತಾಳೆ ಕುಡಿಕೆ ತಂದಿಟ್ಟು ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಒಮ್ಮೆ ಬೈದು ಕೇಳಿದ್ದಕ್ಕೆ, “ಬೇಡ ಅಣ್ಣ, ಸೌತೆಕಾಯಿ ಕೊಯ್ದ ಕೈ ಇದು. ಮತ್ತೆ ಏನಾದರೂ ಆದರೆ?” ಎಂದಳು.

ಈಗ ನಿನಗೆ ಗೊತ್ತಿಲ್ಲದ ಅರ್ಧ. ನಿನಗೆ ನೆನಪಿರಬಹುದು, ಒಂದು ಸಲ ಅಂಕದಲ್ಲಿ ಕೋಳಿಯ ಕಾಲಿಗೆ ಕಟ್ಟಿದ ಬಾಳುಕತ್ತಿ ತಾಗಿ ನನ್ನ ಹೆಬ್ಬೆರಳು ಕೊಯ್ದುಹೋಯಿತು. ಬಟ್ಟೆ ಸುತ್ತಿಕೊಂಡು ನರಳುತ್ತಾ ಬಂದೆ. ತಾಗಿದ್ದೂ ಇಲ್ಲ, ಕೊಯ್ದದ್ದೂ ಇಲ್ಲ! ಬಟ್ಟೆಗೆ ಹಚ್ಚಿದ ಕೆಂಪು ನನ್ನ ಎಲೆಯಡಿಕೆಯದ್ದು. “ಕಾಂತೀ, ನನ್ನಿಂದ ಆಗುವುದಿಲ್ಲ. ಒಂದು ದಿನ ತಪ್ಪಿಸಿದರೂ ತುಟಿ ಮತ್ತೆ ಗಟ್ಟಿಯಾಗುತ್ತದೆಂದು ಡಾಕ್ಟ್ರು ಹೇಳಿದ್ದಾರೆ” ಎಂದೆ. ಡಾಕ್ಟ್ರು ಅಂಥದ್ದೇನೂ ಹೇಳಿರಲಿಲ್ಲ. ಅವಳು ಸೆರಗಿನಿಂದ ಕೈ ಒರೆಸಿದಳು, ಮತ್ತೆ ತೊಳೆದಳು, ಮತ್ತೆ ಒರೆಸಿದಳು. ಆಮೇಲೆ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಇಟ್ಟಳು. ನೀನು ಕಣ್ಣು ಮುಚ್ಚಿ ಮಲಗಿಯೇ ಬಿಟ್ಟೆ. ನಾನು ತಿಕ್ಕುವಾಗ ಹಂದಿಮರಿಯ ಹಾಗೆ ಕಿರುಚುತ್ತಿದ್ದವನು!

ನನ್ನ ಬೆರಳು ಬಹಳ ಕಾಲ ಗುಣವಾಗಲಿಲ್ಲ. ಒಂದು ದಿನ ಅವಳು ತಿಕ್ಕುತ್ತಾ ತಲೆ ಎತ್ತದೆ, “ಅಣ್ಣ, ನಿನ್ನೆ ಬಟ್ಟೆ ಬಲಗೈಯಲ್ಲಿ ಇತ್ತಲ್ಲ, ಇವತ್ತು ಎಡಗೈಗೆ ಬಂದಿದೆ” ಎಂದಳು. ನಾನು ಕೋಳಿಗೆ ಅಕ್ಕಿ ಹಾಕುವ ನೆಪದಲ್ಲಿ ಎದ್ದುಹೋದೆ. ಅವಳು ಕೆಲಸ ನಿಲ್ಲಿಸಲಿಲ್ಲ. ನಿನ್ನ ಗೆರೆ ಸಪೂರ ಆದದ್ದು ಅವಳ ಬೆರಳಿನಿಂದ. ಅವಳನ್ನು ಆ ಕೆಲಸಕ್ಕೆ ಹಚ್ಚಿದ ತಲೆ ಮಾತ್ರ ನನ್ನದು. ಅದರಲ್ಲಿ ಪಾಲು ಕೊಡುವುದಿಲ್ಲ.

ಬಿಸಿಲಿನ ಖಾತೆಯೂ ನನ್ನದೇ. ಶಾಲೆಗೆ ಹೋಗುವಾಗ ನೀನು ಮುಂದೆ, ಕಪ್ಪು ಕೊಡೆ ಹಿಡಿದು ನಾನು ಹಿಂದೆ. ಕಟ್ಟೆಯಲ್ಲಿ ಕುಳಿತವರು, “ಏನು ಮುಂಡಪ್ಪಣ್ಣ, ಮದುಮಗನ ದಿಬ್ಬಣವಾ?” ಎಂದು ನಗುತ್ತಿದ್ದರು. “ಹೌದು, ಇವತ್ತಿನಿಂದಲೇ ಅಭ್ಯಾಸ. ನಿಮ್ಮ ಮಕ್ಕಳಿಗೆ ಕೊಡೆ ಹಿಡಿಯಲು ಯಾರಿದ್ದಾರೆ?” ಎನ್ನುತ್ತಿದ್ದೆ.

ತುಟಿಯ ಕೆಲಸಕ್ಕೆ ಒಲೆ ಊದುವ ಕೊಳವೆ ಕೊಟ್ಟೆ. ಮನೆಯೆಲ್ಲ ಬೂದಿ ಹಾರಿತು. ತೆಂಗಿನೋಲೆಯ ಪೀಪಿ ಮಾಡಿಕೊಟ್ಟೆ. ಕೊನೆಗೆ ಸಿಳ್ಳೆ ಕಲಿಸಿದೆ. ಮುಸ್ಸಂಜೆ ಸಿಳ್ಳೆ ಹೊಡೆದರೆ ಹಾವು ಬರುತ್ತದೆಂದು, ಮಾತು ಬಿಟ್ಟಿದ್ದ ದೊಡ್ಡಮ್ಮ ಅದಕ್ಕಾಗಿಯೇ ಮತ್ತೆ ಮಾತಾಡಿದರು. ತಿಂಗಳುಗಟ್ಟಲೆ ನಿನ್ನ ಬಾಯಿಂದ ಬರೇ ಗಾಳಿ ಬಂತು. ಮತ್ತೆ ಒಂದು ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ, ಬೆಳ್ತಂಗಡಿಯ ಬಸ್ಸಿನ ಪಕ್ಕ ನಿಂತು ತುಟಿ ಕೂಡಿಸಿ ಎರಡು ಸಲ ಹೊಡೆದೆ ನೋಡು! ಡ್ರೈವರ್ ರೈಟ್ ಎಂದು ತಿಳಿದು ಬಸ್ ಬಿಟ್ಟೇಬಿಟ್ಟ. ಕಂಡಕ್ಟರ್ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ. ಹಸನಬ್ಬ ಲುಂಗಿ ಎತ್ತಿ ಕಟ್ಟಿ ಬಸ್ಸಿನ ಹಿಂದೆ ಓಡಿದ. ಏದುಸಿರು ಬಿಡುತ್ತಾ ತಿರುಗಿ ಬಂದವನು, “ಯಾರು ಮಾರಾಯ ವಿಸಿಲ್ ಹೊಡೆದದ್ದು?” ಎಂದು ಗದರಿ, ನಿನ್ನ ಮುಖ ನೋಡಿ ನಿಂತುಬಿಟ್ಟ. “ಯಾ ಅಲ್ಲಾ, ಇವನಾ? ಇವನ ತುಟಿಯಾ?” ಎಂದ. ಬೈಯಲಿಲ್ಲ, ತಿನ್ನಲು ಗೋಳಿಬಜೆ ತೆಗೆಸಿಕೊಟ್ಟ. ದೊಡ್ಡವನಾದ ಮೇಲೆ ನಿನಗೆ ಕಂಡಕ್ಟರ್ ಕೆಲಸ ಕೊಡಿಸಿದವನೂ ಅವನೇ. “ವಿಸಿಲಿಗೆ ಬೇರೆ ಖರ್ಚಿಲ್ಲ” ಎಂದು ಯಜಮಾನರಿಗೆ ಹೇಳಿದನಂತೆ. ಗಂಜಿ ಕುಡಿದರೆ ಸೋರುತ್ತಿದ್ದ ಬಾಯಿಯಿಂದ ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಕೂಗುವಾಗ ನಾನು ಕೆಲಸವಿಲ್ಲದಿದ್ದರೂ ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇನೆ. ನಿನಗೆ ಗೊತ್ತಿರಲಿ ಎಂದು ಬರೆದೆ.

ಇನ್ನು ಎರಡನೆಯ ತಪ್ಪು. ವಿಷಯ ಎತ್ತಬೇಡಿ ಎಂದು ನನಗೆ ಹೇಳಿದ್ದೇ ತಪ್ಪು. ನಿನ್ನ ಕಾರ್ಡು ಕೈಗೆ ಸಿಗುವ ಮೊದಲೇ ನಾನು ಮುಂಡಾಜೆಗೆ ಹೋಗಿ ಬಂದಾಗಿತ್ತು. ಸಿಟ್ಟಾಗುವ ಮೊದಲು ಪೂರ್ತಿ ಓದು.

ಅತ್ತ ಕಡೆ ಒಂದು ಹುಂಜ ನೋಡುವ ನೆಪದಲ್ಲಿ ಹೋದೆ. ಹುಡುಗಿ ಶಶಿಪ್ರಭಾಳೇ ಬೆಲ್ಲ ನೀರು ತಂದಿಟ್ಟಳು. ಒಳ್ಳೆಯ ಲಕ್ಷಣ, ನೇರ ನೋಡಿ ಮಾತಾಡುತ್ತಾಳೆ. ಅವಳ ಅಜ್ಜಿ ಜಗಲಿಯಲ್ಲಿ ಕುಳಿತು, “ಹುಡುಗನಿಗೆ ಐಬು ಏನಾದರೂ ಉಂಟಾ?” ಎಂದು ಕೇಳಿದರು. “ಐಬು ಇಲ್ಲ. ತುಟಿಯ ಮೇಲೆ ಒಂದು ಗೆರೆ ಉಂಟು, ಅದಕ್ಕೆ ಅರ್ಧ ಡಾಕ್ಟರ್ ನಾನು” ಎಂದು ಸೌತೆಕಾಯಿಯಿಂದ ಸಿಳ್ಳೆಯವರೆಗೆ ಎಲ್ಲ ಹೇಳಿಬಿಟ್ಟೆ. ಅಜ್ಜಿ ನನ್ನ ಮುಖ ಬಿಟ್ಟು ಅಂಗಳ ನೋಡತೊಡಗಿದರು. ಸಂಬಂಧ ಕೆಟ್ಟಿತೆಂದು ನಾನು ಕೊಡೆಗೆ ಕೈ ಹಾಕಿದೆ.

ಒಳಗೆ ಒಂದು ಮಗು ಅತ್ತಿತು. ಅಜ್ಜಿ ಕಣ್ಣಲ್ಲೇ ಬೇಡವೆಂದರೂ ಶಶಿಪ್ರಭಾ ಒಳಗೆ ಹೋಗಿ ಅದನ್ನು ಎತ್ತಿಕೊಂಡು ಬಂದಳು. ಅವಳ ಅಕ್ಕ ಪ್ರೇಮಾವತಿಯ ಹೆಣ್ಣುಮಗು, ಎರಡು ತಿಂಗಳಿನದ್ದು. ಶಂಭು, ನಾನು ನಿನ್ನನ್ನೇ ನೋಡಿದೆ. ಅದೇ ತುಟಿ, ಅದೇ ಸೀಳು. ಅಜ್ಜಿ ಮುಖ ತಿರುಗಿಸಿ, “ಗ್ರಹಣದ ದಿನ ಈ ಮಗುವಿನ ತಾಯಿ ಸೂಜಿ ಹಿಡಿದು ರವಕೆ ಹೊಲಿದಳು” ಎಂದರು. ಆ ತಾಯಿ ಬಾಗಿಲಿನ ಆಚೆ ನಿಂತಿದ್ದಳು, ನಮ್ಮ ಕಾಂತಿ ನಿಲ್ಲುತ್ತಿದ್ದ ಹಾಗೆಯೇ. ಅವಳು ಒಂದೇ ಮಾತು ಕೇಳಿದಳು: “ಹೊಲಿಸಿದರೆ ದೊಡ್ಡವಳಾದ ಮೇಲೆ ಎಷ್ಟು ಕಾಣುತ್ತದೆ?”

 ಅದನ್ನು ಬಾಯಿಯಲ್ಲಿ ಹೇಳಿ ಏನು ಪ್ರಯೋಜನ? “ಆದಿತ್ಯವಾರ ಅವನೇ ಬರುತ್ತಾನೆ. ಹತ್ತಿರ ಕೂರಿಸಿ ಕಣ್ಣಾರೆ ನೋಡು” ಎಂದೆ. ಹೊರಡುವಾಗ ಶಶಿಪ್ರಭಾ ಬೇಲಿಯ ತಡಮೆಯವರೆಗೆ ಬಂದು, “ಮೀಸೆ ಬಿಟ್ಟಿದ್ದಾರೆಂದು ಬಸ್ಸಿನಲ್ಲಿ ಬರುವವರು ಹೇಳಿದರು. ಮೀಸೆ ಇದ್ದರೆ ಅಕ್ಕನಿಗೆ ಕಾಣುವುದು ಹೇಗೆ?” ಎಂದಳು. ತಡಮೆ ದಾಟಿದ ಮೇಲೆ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ.

ನಾಳೆ ನಿಮಗೆ ಹುಟ್ಟುವ ಮಗುವಿಗೂ ಹಾಗೇ ಆದರೆ ಎಂದು ಊರಿನವರು ಕೇಳಬಹುದು. ಆದರೆ ಆಗಲಿ. ಡಾಕ್ಟ್ರು ಇದ್ದಾರೆ, ಈಗ ಹತ್ತು ವರ್ಷ ಕಾಯಬೇಕಾಗಿಯೂ ಇಲ್ಲವಂತೆ. ತೆಂಗಿನೆಣ್ಣೆ ಉಂಟು, ಕೊಡೆ ಉಂಟು, ನನಗೆ ಇನ್ನೂ ಎರಡು ಹೆಬ್ಬೆರಳು ಉಂಟು.

ಮನೆಗೆ ಬಂದು ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಟ್ಟದಿಂದ ಆ ಹಳೆಯ ಎಣ್ಣೆಯ ಕುಡಿಕೆ ಇಳಿಸಿ ಹುಣಸೆಹುಳಿ ಹಾಕಿ ತಿಕ್ಕಲು ಕುಳಿತಳು. ಅದು ಹೊಳೆಯುವಷ್ಟು ಬೆಳಗಿದ ಮೇಲೆ, “ಅಣ್ಣ, ಆದಿತ್ಯವಾರ ನಾನೂ ಬರ್ತೇನೆ. ಆ ಮಗುವನ್ನು ನನ್ನ ಕೈಗೆ ಕೊಟ್ಟಾರಾ?” ಎಂದು ಕೇಳಿದಳು.

ಕೊಡುತ್ತಾರೆ ಶಂಭು. ನಿನ್ನ ಮುಖ ನೋಡಿದ ಮೇಲೆ ಕೊಡದೆ ಇರುವುದಿಲ್ಲ. ಆದ್ದರಿಂದ ಮೀಸೆ ತೆಗೆದು ಬಾ. ಮೊದಲ ಬಸ್ಸಿಗೆ ಬಂದರೆ ಮೂವರೂ ಒಟ್ಟಿಗೆ ಹೋಗುವ. ಅವತ್ತು ನಾನು ಒಂದು ಮಾತೂ ಆಡುವುದಿಲ್ಲ. ಆಡಿದರೂ ಸ್ವಲ್ಪವೇ.

ನಿನ್ನ ತುಟಿಯ ಮೇಲೆ ನಗು ಇರಲಿ, ಆ ಗೆರೆಯೂ ಇಷ್ಟೇ ಸಪೂರವಾಗಿ ನೂರು ವರ್ಷ ಇರಲಿ ಎಂದು ಹರಸುವ,

ನಿನ್ನ ಮಾವ
ಮುಂಡಪ್ಪ

ಮತ್ತೊಂದು ಮಾತು: ಹೊಸ ಬ್ಲೇಡು ಹಾಕು. ಗೆರೆಯ ಹತ್ತಿರ ಮೆಲ್ಲ. ಅದು ನಿನ್ನ ಅಮ್ಮ ಮಾಡಿದ ಕೆಲಸ.