ತೇಲಿದ ತತ್ತಿ

ಸರಸಂಬಾ, ತಾ. ಆಳಂದ
9 ಮಾರ್ಚ್ 2025, ಭಾನುವಾರ

ಬೀರಪ್ಪನ ಅಪ್ಪನವರಿಗೆ ಭುವನೇಶ್ವರಿಯ ನಮಸ್ಕಾರ.

ನೀವು ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ಸಾಂಗಲಿ ಕಡೆ ಬಿಸಿಲು ಜೋರಂತೆ, ಕಬ್ಬು ಕಡಿಯುವ ಮಷೀನಿನ ಮೇಲೆ ಕೂಡುವಾಗ ತಲೆಗೆ ಟವೆಲ್ ಸುತ್ತಿಕೊಳ್ಳಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ಇಷ್ಟು ಕೇಳುವುದು ಹೆಂಡತಿಯ ಧರ್ಮ, ಕೇಳಿದ್ದಾಯಿತು. ಇನ್ನು ಮುಂದಿರುವುದೆಲ್ಲ ಸಿಟ್ಟು. ಫೋನಿರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಹಲೋ, ಹಲೋ, ನೆಟ್‌ವರ್ಕ್ ಇಲ್ಲ" ಎನ್ನುತ್ತೀರಿ. ಕಾಗದಕ್ಕೆ ಆ ರೋಗವಿಲ್ಲ. ಗೌಸಮೊಹಿದ್ದೀನ ಅಣ್ಣ ಇವತ್ತು ಲಾರಿ ತೆಗೆದುಕೊಂಡು ನಿಮ್ಮ ಕಡೆಗೇ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಮಗನ ಸುದ್ದಿ. ಬೀರಪ್ಪ ಈಗ ಪರವಾಗಿಲ್ಲ. ಗಂಜಿ ಕುಡಿಯುತ್ತಿದ್ದಾನೆ, ನಿನ್ನೆಯಿಂದ ಅಂಗಳದಲ್ಲಿ ಕೋಳಿಗಳನ್ನು ಅಟ್ಟಾಡಿಸುತ್ತಿದ್ದಾನೆ. ಆದರೆ ಹೋದ ವಾರ ವಾಂತಿ, ಭೇದಿ, ಜ್ವರ ಮೂರೂ ಒಟ್ಟಿಗೆ ಹತ್ತಿ, ಕೂಸಿನ ಕಣ್ಣು ಒಳಗೆ ಹೋಗಿ, ಅತ್ತರೂ ಕಣ್ಣೀರು ಬರದಂತಾಗಿತ್ತು. ಆಳಂದದ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ದೂರದಲ್ಲಿರುವವರು ಗಾಬರಿಯಾಗಬಾರದೆಂದು ನಿಮಗೆ ಹೊಟ್ಟೆ ಕೆಟ್ಟಿದೆ ಎಂದಷ್ಟೇ ಹೇಳಿದೆ. ನೀವು ಏನೆಂದಿರಿ, ನೆನಪಿದೆಯೇ? "ನೀ ಏನರೆ ಹಳಸಿದ್ದು ಉಣಿಸಿರಬೇಕ ನೋಡು." ಆ ಮಾತಿಗೆ ನನ್ನ ಮೈ ಉರಿದುಹೋಯಿತು, ಇನ್ನೂ ಆರಿಲ್ಲ.

ಉಣಿಸಿದ್ದು ಯಾರೆಂದು ಹೇಳುತ್ತೇನೆ, ಕೇಳಿ. ಶಿವರಾತ್ರಿ ಮುಗಿದ ಮೇಲೆ ವಿಡಿಯೋದಲ್ಲಿ ಮಗನನ್ನು ನೋಡಿ ಅತ್ತೆಗೆ ಅಪ್ಪಣೆ ಕೊಟ್ಟಿರಿ. "ಯವ್ವಾ, ಹುಡುಗ ಬಾಳ ಸೊರಗ್ಯಾನ. ಹಸಿ ತತ್ತಿ ಒಡದು ಹಾಲಾಗ ಕಲಸಿ ಕುಡಸು. ನೀರಾಗ ಬಿಟ್ಟು ನೋಡು, ತೇಲಿದ್ದು ಜೀವಂತ, ಮುಳುಗಿದ್ದು ಸತ್ತದ್ದು." ಬೇಯಿಸಿಯೇ ಕೊಡೋಣ ಎಂದು ನಾನು ಪಕ್ಕದಲ್ಲಿ ನಿಂತು ಬಡಕೊಂಡೆ. "ಆಕಿಗೇನ ಗೊತ್ತದ ಬಿಡು, ನಾ ಹಸಿ ತತ್ತಿ ಕುಡದೇ ಗರಡ್ಯಾಗ ಬೆಳದಾಂವ" ಎಂದು ನಕ್ಕಿರಿ. ಫೋನು ಸ್ಪೀಕರಿನಲ್ಲಿತ್ತು. ಎಲ್ಲ ಕೇಳಿಸಿತು.

ಆ ನೀರಿನ ಪರೀಕ್ಷೆ ನಿಮ್ಮ ಅಜ್ಜಿಯದು. ಕೋಳಿ ಕಾವಿಗೆ ಕೂತು ಮರಿ ಒಡೆಯುವ ಹೊತ್ತು ಬಂದಾಗ, ಒಡೆಯದೆ ಉಳಿದ ತತ್ತಿಗಳನ್ನು ಆಕೆ ಉಗುರುಬೆಚ್ಚಗಿನ ನೀರಿಗೆ ಬಿಡುತ್ತಿದ್ದಳಂತೆ. ತೇಲಿ ಅಲ್ಲಾಡಿದರೆ ಒಳಗೆ ಮರಿ ಬದುಕಿದೆ ಎಂದು ತಿಳಿದು ಮತ್ತೆ ಕೋಳಿಯ ಕೆಳಗೆ ಇಡುವುದು. ಅದು ಮರಿ ಮಾಡುವವರ ಲೆಕ್ಕ, ತಿನ್ನುವವರದಲ್ಲ. ಕಾವಿನ ಬುಟ್ಟಿಯ ಶಾಸ್ತ್ರವನ್ನು ತಂದು ಕೂಸಿನ ಹಾಲಿನ ಲೋಟಕ್ಕೆ ಹಾಕಿದಿರಲ್ಲ, ನಿಮ್ಮ ಬುದ್ಧಿಗೆ ಏನೆನ್ನಲಿ?

ನಾನು ಕಡಲೆ ಕೀಳಲು ಹೊಲಕ್ಕೆ ಹೋದಾಗ ಅತ್ತೆ ಮಗನ ಮಾತು ನಡೆಸಿದರು. ಜೋಳದ ಕಣಕಿ ಮೇವಿನ ಬಣವೆಯ ಸಂದಿಯಲ್ಲಿ ಕೋಳಿ ಯಾವಾಗಲೋ ಇಟ್ಟು ಮರೆತಿದ್ದ ತತ್ತಿ ಸಿಕ್ಕಿದ್ದವು. ಅವನ್ನೂ ಬುಟ್ಟಿಯ ತಾಜಾ ತತ್ತಿಗಳನ್ನೂ ಕೂಡಿಸಿ ನೀರಿಗೆ ಬಿಟ್ಟರು. ಮುಳುಗಿದ ತಾಜಾ ತತ್ತಿಗಳನ್ನೆಲ್ಲ "ಸತ್ತಾವ" ಎಂದು ನಾಯಿಗೆ ಒಡೆದು ಹಾಕಿದರು. ತೇಲಿದ ಹಳೆಯದನ್ನು ಮೊಮ್ಮಗನಿಗೆಂದು ಜೋಪಾನವಾಗಿ ಎತ್ತಿಟ್ಟು ದಿನಾ ಕುಡಿಸಿದರು. ನಾಯಿ ಈಗ ಮೈಕೈ ತುಂಬಿಕೊಂಡು ಓಣಿಯಲ್ಲಿ ಮೆರೆಯುತ್ತಿದೆ.

ದವಾಖಾನೆಯಿಂದ ಬಂದ ಮೇಲೆ ಉಳಿದಿದ್ದ ಒಂದು ತೇಲುವ ತತ್ತಿಯನ್ನೂ ಅವತ್ತೇ ಇಟ್ಟ ಒಂದು ತತ್ತಿಯನ್ನೂ ಹಿಡಿದು, ಅತ್ತೆಯನ್ನು ಜೋಳದ ಚೀಲಗಳ ಕತ್ತಲೆ ಕೋಣೆಗೆ ಕರೆದೊಯ್ದೆ. ತತ್ತಿಯ ದಪ್ಪ ತುದಿಗೆ ಮೊಬೈಲಿನ ಬ್ಯಾಟರಿ ಬೆಳಕು ಹಿಡಿದು ತೋರಿಸಿದೆ. ಹೊಸದರಲ್ಲಿ ಗಾಳಿಯ ಜಾಗ ಉಗುರಿನಷ್ಟು, ಹಳೆಯದರಲ್ಲಿ ಕಾಲು ಭಾಗ ಖಾಲಿ. "ಅಯ್ಯ, ಇದರಾಗ ಗಾಳಿ ಹೊಕ್ಕದಲ್ಲಬೇ" ಎಂದರು. ಚಿಪ್ಪಿಗೆ ಕಣ್ಣಿಗೆ ಕಾಣದ ತೂತುಗಳಿವೆ, ಒಳಗಿನ ನೀರು ಆರಿದಂತೆ ಗಾಳಿ ತುಂಬುತ್ತದೆ, ಅದಕ್ಕೇ ಹಳೆಯದು ತೇಲುತ್ತದೆ. "ವಾಸನಿ ಏನೂ ಬಂದಿದ್ದಿಲ್ಲಲ್ಲ" ಎಂದರು ಪಾಪ. ಕೆಟ್ಟದ್ದೆಲ್ಲ ನಾರುವುದಿಲ್ಲ. ಹಾಗೆಂದು ಮುಳುಗಿದ್ದನ್ನು ಹಸಿಯಾಗಿ ಕುಡಿಸಬಹುದೆಂದೂ ತಿಳಿಯಬೇಡಿ. ಮುಳುಗುವುದು ತತ್ತಿಯ ವಯಸ್ಸು ಹೇಳುತ್ತದೆ, ಒಳಗಿನ ರೋಗ ಹೇಳುವುದಿಲ್ಲ. ಹಸಿ ತತ್ತಿಯಿಂದಲೇ ಹೀಗಾಗಿರಬೇಕು ಎಂದರು ಡಾಕ್ಟರು. ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಕುದಿಸಬೇಕು, ಹಸಿ ತತ್ತಿ ಮುಟ್ಟಿದ ಕೈ, ಬಟ್ಟಲು ಸಾಬೂನಿನಲ್ಲಿ ತೊಳೆಯಬೇಕು. ಇನ್ನು ಮುಂದೆ ಈ ಮನೆಯ ಒಲೆಯ ಮುಂದೆ ನನ್ನ ಮಾತು ನಡೆಯುತ್ತದೆ. ನೀವು ಮಷೀನು ಓಡಿಸಿ.

ಮೈಮೇಲೆ ಎಚ್ಚರವಿರಲಿ. ಸಿಟ್ಟಿದ್ದರೂ ನಿಮ್ಮ ದಾರಿ ಕಾಯುತ್ತೇನೆ. ಕೂಸು ನಿಮ್ಮ ಫೋಟೋಕ್ಕೆ ಮುತ್ತು ಕೊಟ್ಟಿದೆ, ಅದು ಅದರ ದೊಡ್ಡತನ.

ಇಂತಿ,
ಏನೂ ಗೊತ್ತಿಲ್ಲದ ನಿಮ್ಮ ಹೆಂಡತಿ
ಭುವನೇಶ್ವರಿ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕುಡಿಸಲು ಹೇಳಿದ್ದು ನೀವೆಂದು ಅತ್ತೆ ಯಾರಿಗೂ ಹೇಳಿಲ್ಲ. ಡಾಕ್ಟರ ಮುಂದೆ, ಓಣಿಯವರ ಮುಂದೆ "ನಂದೇ ತಪ್ಪರಿ, ನನ್ನ ತಲಿಗೆ ಹೊಳೀತು, ಕುಡಿಸಿದೆ" ಎಂದರು. ನನಗೂ ಆಣೆ ಹಾಕಿದ್ದಾರೆ, ಮುರಿಯುತ್ತಿದ್ದೇನೆ. ಈಗ ಬೀರಪ್ಪ ಕೈಚಾಚಿ ಅಜ್ಜಿಯ ಹತ್ತಿರ ಓಡಿದರೆ ಅವರು ಎತ್ತಿಕೊಳ್ಳುವುದಿಲ್ಲ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು "ನಿಮ್ಮವ್ವನ ಕಡಿ ಹೋಗಪ್ಪಾ, ಈ ಕೈ ಛಲೋ ಇಲ್ಲ" ಎನ್ನುತ್ತಾರೆ. ನನಗೆ ಫೋನ್ ಮಾಡಬೇಡಿ. ಅವರಿಗೆ ಮಾಡಿ, "ಹೇಳಿದಾಂವ ನಾನು, ಯವ್ವಾ" ಎನ್ನಿ. ಸ್ಪೀಕರಿನಲ್ಲಿಟ್ಟು ಕೇಳುತ್ತೇನೆ.