ಅಪ್ಪನ ಟ್ರಯಲ್

ಜೂನ್ ೧೪, ಶನಿವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂರುವುದು, ಏಳುವುದು, ಇದೇ ಆಯಿತು. ಇಲ್ಲಿ ಎಲ್ಲರೂ ಇದ್ದ ಹಾಗೇ ಇದ್ದೇವೆ. ಅಂಗಡಿಗೆ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಬಂದಿದೆ. ಗುಂಡಿ ತೂರುವ ಕಾಜಾ ಹಾಕಿ ಹಾಕಿ ನನ್ನ ಬೆರಳು ಮರಗಟ್ಟಿದೆ. ಅತ್ತೆ ಇನ್ನೂ ಇಲ್ಲೇ ಇದ್ದಾರೆ. ಗುಂಡಿ ಹಚ್ಚುತ್ತಾರೆ, ಗುಂಡಿಗೊಂದು ಮಾತಾಡುತ್ತಾರೆ.

ಅಪ್ಪನ ಶ್ವಾಸಕೋಶ ಸೋತಿರುವುದು ನಿನಗೆ ಗೊತ್ತಿದ್ದದ್ದೇ. ಕಳೆದ ವಾರ ಡಾಕ್ಟರಮ್ಮ ಔಷಧಿ ಬರೆದುಕೊಟ್ಟ ಮೇಲೂ ನಮ್ಮನ್ನು ಏಳಲು ಬಿಡಲಿಲ್ಲ. ಮುಂದೆ ಉಸಿರು ತೀರ ಕಷ್ಟವಾಗಿ ಮಾತಾಡಲು ಆಗದೆ ಹೋದರೆ ಏನು ಮಾಡಬೇಕು, ಏನು ಮಾಡಬಾರದು, ಈಗಲೇ ಯೋಚಿಸಿ ಹೇಳಿ ಎಂದರು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ ಅಪ್ಪ ಹೇಳತೊಡಗಿದರು. ಜ್ವರ ಬಂದರೆ ಔಷಧಿ ಕೊಡಲಿ. ನಾಲ್ಕು ದಿನ ಉಸಿರಾಟದ ಯಂತ್ರ ಹಾಕಿದರೆ ಎದ್ದು ಕೂರುವ ಹಾಗಿದ್ದರೆ ಹಾಕಲಿ. ಏಳುವ ದಾರಿಯೇ ಇಲ್ಲದಿದ್ದರೆ ಗಂಟಲಿಗೆ ಕೊಳವೆ ಬೇಡ, ನೋವಾಗದಂತೆ ನೋಡಿಕೊಂಡರೆ ಸಾಕು. ಮಲಗಿಸುವುದಾದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಸದ್ದು ಕೇಳುವ ಕಡೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ತಿದ್ದಬಹುದು ಎಂದರು ಡಾಕ್ಟರಮ್ಮ. ನಾವೂ ಆಮೇಲೆ ಬಿಚ್ಚಿ ತಿದ್ದಲೆಂದು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುವುದು ಎಂದರು ಅಪ್ಪ.

ನಿಮಗೆ ಮಾತಾಡಲು ಆಗದಾಗ ನಿಮ್ಮ ಪರವಾಗಿ ಮಾತಾಡುವವರು ಯಾರು ಎಂದು ಡಾಕ್ಟರಮ್ಮ ಕೇಳಿದಾಗ ಅಪ್ಪ ನನ್ನ ಕಡೆ ಕೈ ತೋರಿಸಿದರು. ನಿನ್ನ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ದನಿಯೇ ಏಳುವುದಿಲ್ಲವೆಂದು ನನಗೆ ಗುಸುಗುಸು ಎಂದು ಹೆಸರಿಟ್ಟವಳು ನೀನೇ ತಾನೆ. ಡಾಕ್ಟರಮ್ಮನೂ ನನ್ನನ್ನು ಅನುಮಾನದಿಂದ ನೋಡಿದರು. ಅಷ್ಟು ಹೊತ್ತಿನಿಂದ ನಾನು ಒಂದು ಮಾತೂ ಆಡಿರಲಿಲ್ಲ.

ಟ್ರಯಲ್ ನೋಡದೆ ನಮ್ಮ ಅಂಗಡಿಯಿಂದ ಒಂದು ಬಟ್ಟೆಯೂ ಹೊರಗೆ ಹೋಗಿಲ್ಲ, ಇದಕ್ಕೂ ಟ್ರಯಲ್ ಆಗಲಿ ಎಂದರು ಅಪ್ಪ, ಮನೆಗೆ ಬಂದ ಮೇಲೆ. ಕಟಿಂಗ್ ಟೇಬಲ್ ಮೇಲಿದ್ದ ಬಟ್ಟೆ ಸರಿಸಿ, ಹತ್ತಿ ಮಲಗಿ ಕಣ್ಣು ಮುಚ್ಚಿದರು. ಅತ್ತೆ ಡಾಕ್ಟರಾದರು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಗತ್ತಿನಿಂದ ಬಂದು, ಇನ್ನು ಏಳುವ ಹಾಗೆ ಕಾಣುವುದಿಲ್ಲ, ಗಂಟಲಿಗೆ ಕೊಳವೆ ಹಾಕೋಣವೇನಮ್ಮ ಎಂದು ಕೇಳಿದರು. ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು.

"ಕೇಳಿಸಲಿಲ್ಲ," ಎಂದರು ಅಪ್ಪ, ಕಣ್ಣು ತೆರೆಯದೆ.

"ಪ್ರಜ್ಞೆ ಇಲ್ಲದವನು ಮಾತಾಡಬಾರ್ದು. ಸುಮ್ನೆ ಬಿದ್ಕೊಳ್ಳೋ," ಎಂದು ಅತ್ತೆ ತಮ್ಮನನ್ನು ಗದರಿದರು.

ಅಷ್ಟರಲ್ಲಿ ಪ್ಯಾಂಟಿಗೆಂದು ಬಂದ ಬಸ್ ಡ್ರೈವರ್ ಮೇಜಿನ ಮೇಲೆ ಚಾಚಿಕೊಂಡಿದ್ದ ಅಪ್ಪನನ್ನು ನೋಡಿ ಚಪ್ಪಲಿ ಕಳಚಿ ಬಾಗಿಲಲ್ಲೇ ಕೈ ಕಟ್ಟಿ ನಿಂತುಬಿಟ್ಟ. "ನಿಂದು ರೆಡಿ ಇದೆ, ತಗೊಂಡ್ಹೋಗಪ್ಪ. ನಾನಿನ್ನೂ ಇದ್ದೀನಿ," ಎಂದರು ಅಪ್ಪ. ಆತ ಹಾಕಿ ನೋಡದೆಯೇ ಹೊರಟುಹೋದ.

ಆಮೇಲೆ ಅತ್ತೆ ನೀನಾದರು. ನಿನ್ನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, "ಅಪ್ಪನ್ನ ಹೀಗೇ ಬಿಟ್ಬಿಡ್ತೀಯೇನೇ? ನಿಂಗೆ ಕರುಳಿದೆಯೋ ಇಲ್ವೋ?" ಎಂದರು.

"ಬೇಡ," ಎಂದೆ. "ಅಪ್ಪ ಬೇಡ ಅಂದಿದ್ದಾರೆ. ನೋವಾಗದ ಹಾಗೆ ನೋಡ್ಕೊಳ್ಳಿ, ಸಾಕು."

ಸ್ಪಷ್ಟವಾಗಿ ಬಂತು. ಅಪ್ಪ ಎದ್ದು ಕುಳಿತರು. ಅವರ ಬೆನ್ನಿಗೆ ಅಂಟಿದ್ದ ಸೀಮೆಸುಣ್ಣವನ್ನು ನಾನು ಒರೆಸಿದೆ. ಫಿಟಿಂಗ್ ಸರಿಯಾಗಿದೆ ಎಂದರು.

ಅಕ್ಕ, ಆ ದಿನ ಬಂದಾಗ ನೀನೂ ಇಲ್ಲಿರುತ್ತೀಯ. ಅತ್ತೆ ಆಡಿದ ಮಾತನ್ನೇ ಆಡುತ್ತೀಯ. ಬೈಯುವುದಿದ್ದರೆ ಈಗಲೇ ಕಾಗದದಲ್ಲಿ ಬೈದುಬಿಡು, ಮಂಚದ ಪಕ್ಕ ಬೇಡ. ಅಲ್ಲಿ ನೀನು ಜೋರು ಮಾಡಿದರೆ ನನ್ನ ದನಿ ಅಡಗಿಹೋಗುತ್ತದೆ. ಅದರ ಜೊತೆಗೆ ಅಪ್ಪನದೂ.

ಭಾವನಿಗೆ ನಮಸ್ಕಾರ ಹೇಳು. ಪಾಪುವಿಗೆ ಅಪ್ಪನ ಆಶೀರ್ವಾದ, ನನ್ನ ಮುತ್ತು. ಅವಳ ಅಳತೆ ಕಳಿಸು, ಫ್ರಾಕ್ ಹೊಲಿದಿಡುತ್ತೇನೆ. ಬೆಳೆಯುವ ಮಗು, ಒಳಗೆ ಬಟ್ಟೆ ಬಿಟ್ಟಿರುತ್ತೇನೆ.

ನಿನ್ನ ತಂಗಿ,
ಗುಸುಗುಸು

ತಾ.ಕ.: ಅತ್ತೆ ಒಳಗೆ ಹೋದ ಮೇಲೆ, ನಾನೇ ಯಾಕೆ ಎಂದು ಅಪ್ಪನನ್ನು ಕೇಳಿದೆ. "ದೊಡ್ಡವಳು ನನ್ನ ಬಿಡಲ್ಲ ಕಣೆ. ನೀನು ಬಿಡ್ತೀಯ," ಎಂದರು. ಹೊಗಳಿದ್ದೋ ಏನೋ ತಿಳಿಯಲಿಲ್ಲ. ದಾರ ಪೋಣಿಸು ಎಂದು ಸೂಜಿ ಕೊಟ್ಟರು, ಪೋಣಿಸಿಕೊಟ್ಟೆ. ನೀನು ಬಂದಾಗ ಅಪ್ಪನಿಗೆ ಒಂದು ಮಾತು ಹೇಳು. ಗುಸುಗುಸುವಿಗೂ ನಿಮ್ಮನ್ನು ಬಿಡಲು ಮನಸ್ಸಿಲ್ಲ, ನೀವು ಹೇಳಿದ್ದೀರೆಂದು ಬೇಡ ಅನ್ನುತ್ತಾಳೆ ಅಷ್ಟೆ, ಅಂತ. ಆ ಮಾತು ಮಾತ್ರ ನನ್ನ ಬಾಯಿಂದ ಇನ್ನೂ ಹೊರಡುತ್ತಿಲ್ಲ.