ಸಾಕ್ಷಿಯ ಸಾಲಿನಿಂದ ತೆಗೆದ ಹೆಸರು

ಫೆಬ್ರವರಿ ೩೦, ೨೨೧೪
ಹಿನ್ನೀರೂರು, ಕೃಷ್ಣೆಯ ಮೇಲೆ

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ಕಂಡು ಬರೆದವಳು ತಪ್ಪಿದಳೆಂದುಕೊಳ್ಳಬೇಡಿ. ನಮ್ಮ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದೇವೆ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಪತ್ರಗಳನ್ನು ಓದಿ ಕಲಿತವಳು.

ನಾವಿರುವುದು ತೇಲುಮನೆಗಳಲ್ಲಿ. ಬಿದಿರಿನ ತೆಪ್ಪದ ಮೇಲೆ ಕಟ್ಟಿದ ಮನೆಗಳು ಇವು, ಹೊಳೆ ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ನೀರು ತಿಳಿಯಾದ ದಿನ ಕೆಳಗೆ ನಿಮ್ಮ ಕಾಲದ ಡಾಂಬರು ರಸ್ತೆ ಕಾಣುತ್ತದೆ. ಅದರ ನಡುವಿನ ಬಿಳಿ ಗೆರೆಯ ಮೇಲೆ ಮೀನುಗಳು ಸಾಲಾಗಿ ಹೋಗುತ್ತವೆ. ಪ್ರತಿ ಮನೆಯಲ್ಲೂ ಒಂದು ದನಿಹರಳು ಇರುತ್ತದೆ. ಮಾತನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಕಲ್ಲು ಅದು. ಆದರೆ ಯಾರ ದನಿಯನ್ನು ಬೇಕಾದರೂ ಯಾರು ಬೇಕಾದರೂ ನೇಯಬಹುದಾದ, ಅಂದರೆ ನಕಲಿಯಾಗಿ ಹುಟ್ಟಿಸಬಹುದಾದ ಮೇಲೆ ಉಯಿಲಿನ ವಿಷಯದಲ್ಲಿ ನಮ್ಮ ಕಾನೂನು ಹಳೆಯ ದಾರಿಗೇ ಮರಳಿತು: ಕಾಗದ, ಶಾಯಿ, ಕಣ್ಣಾರೆ ಕಂಡು ಸಹಿ ಹಾಕುವ ಇಬ್ಬರು ಸಾಕ್ಷಿಗಳು.

ನನ್ನನ್ನು ಸಾಕಿದವಳು ಗುರುಸಂಗವ್ವ, ಮಗ್ಗದ ಹೆಂಗಸು. ಮಹಾಪೂರದ ವರ್ಷ ನಿರಾಶ್ರಿತರ ಕೊಟ್ಟಿಗೆಯ ಬಾಗಿಲಲ್ಲಿ ನಾನು ಎರಡು ದಿನ ಕೂತಿದ್ದೆನಂತೆ. ಹೊರಗೆ ಕಾಯುತ್ತಿರು ಎಂದು ಹೇಳಿ ಹೋದವರು ತಿರುಗಿ ಬರಲಿಲ್ಲ. ಅವ್ವ ಕೈಹಿಡಿದು ಕರೆತಂದಳು. ದತ್ತಕದ ಕಾಗದವನ್ನು ಮಾತ್ರ ಮಾಡಿಸಲೇ ಇಲ್ಲ. ಊರಿಗೆಲ್ಲ ಗೊತ್ತಲ್ಲ, ಕಾಗದ ಯಾಕೆ ಎನ್ನುತ್ತಿದ್ದಳು.

ಎಪ್ಪತ್ತೆಂಟರ ವಯಸ್ಸಿನಲ್ಲಿ ಅವಳ ಎದೆ ಸೋತಿತು. ಆಗ ಯಾರನ್ನೂ ಕೇಳದೆ ತನ್ನ ಕೈಯಾರೆ ಒಂದು ಉಯಿಲು ಬರೆದಳು. ತೇಲುಮನೆ, ದೋಣಿ, ಮಗ್ಗ ಎಲ್ಲವೂ ನನಗೆ. ಕೆಳಗೆ ಸಾಕ್ಷಿಯಾಗಿ ಅಂಬಿಗ ದುರ್ಗಪ್ಪನ ಸಹಿ, ಅವನ ಪಕ್ಕದಲ್ಲಿ ನನ್ನದು. ನನ್ನ ಹೆಸರು ಆ ಹಾಳೆಯಲ್ಲಿ ಎರಡು ಸಲ ಬಂದದ್ದು ಅವಳಿಗೊಂದು ಹೆಮ್ಮೆ.

ಯಾಕೋ ಅನುಮಾನವಾಗಿ ನಾನು ವಕೀಲೆ ಜೈತುನಬಿಯನ್ನು ಕರೆಸಿದೆ. ಅವರು ದೋಣಿಯಿಂದ ಇಳಿದು, ಕನ್ನಡಕ ಒರೆಸಿಕೊಂಡು, ಹಾಳೆಯನ್ನು ಎರಡು ಸಲ ಓದಿದರು. ನನ್ನ ಸಹಿ ಇರಬಾರದು, ಹೊಸದಾಗಿ ಬರೆಯಬೇಕು ಎಂದರು. ಅವ್ವ ಮುಖ ತಿರುಗಿಸಿದಳು.

"ಆಕಿ ಸಹಿ ತಗದ್ರ ಆಕಿನ್ನ ಮನಿ ಹೊರಗ ಹಾಕಿದಂಗ ಆಗ್ತದಲ್ರೀ."

"ಸಹಿ ಇದ್ರನ ಹೊರಗ ಬೀಳ್ತಾಳ ಅವ್ವಾರ," ಎಂದರು ಜೈತುನಬಿ ಮೆಲ್ಲಗೆ. "ಸಾಕ್ಷಿ ಹಾಕಿದಾಕಿಗೆ ಆ ಉಯಿಲಿನ್ಯಾಗ ಏನೂ ದಕ್ಕೂದಿಲ್ಲ. ದತ್ತಕದ ಕಾಗದನೂ ಇಲ್ಲ, ಮನಿ ರಕ್ತಸಂಬಂಧದವರಿಗೆ ಹೋಗ್ತದ."

ಅವ್ವ ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ಬೆಳಿಗ್ಗೆ ತಾನಾಗಿಯೇ ಅವರನ್ನು ಕರೆಸಿದಳು. ಜೈತುನಬಿ ಒಂದೊಂದೇ ಕೇಳುತ್ತ ಬರೆದರು. ಮಗಳು ನಿಮಗಿಂತ ಮೊದಲು ಹೋದರೆ ಮನೆ ಯಾರಿಗೆ, ಉಯಿಲನ್ನು ನಡೆಸಿಕೊಡುವವರು ಯಾರು ಎಂದರು. ಅಣ್ಣನ ಮಗ ಮಹಾರುದ್ರನಿಗೂ ಹೆಸರು ಹೇಳಿ ಏನಾದರೂ ಬಿಡಿ, ಅವನನ್ನು ಮರೆತುಬಿಟ್ಟಿರಿ ಎಂದು ನಾಳೆ ಯಾರೂ ಅನ್ನಬಾರದು ಎಂದರು. ಅವ್ವ ಅವನಿಗೆ ಮಗ್ಗ ಬಿಟ್ಟಳು. ಬುದ್ಧಿ ಸ್ವಸ್ಥವಾಗಿದೆಯೆಂದು ವೈದ್ಯರೂ ಬರೆದುಕೊಟ್ಟರು. ನಾನು ಒತ್ತಾಯಿಸಿ ಬರೆಸಿದೆನೆಂದು ಯಾರೂ ಹೇಳದಂತೆ, ಸಹಿಯ ಹೊತ್ತಿಗೆ ನಾನು ಮಾತು ಕೇಳಿಸದಷ್ಟು ದೂರ ಇರಬೇಕಾಗಿತ್ತು.

ನಾನು ದೋಣಿ ಬಿಚ್ಚಿ ಆ ಹಳೆಯ ರಸ್ತೆಯ ಮೇಲೆ ತೇಲುತ್ತ ನಿಂತೆ. ಐವತ್ತರ ಹೆಂಗಸು ನಾನು, ಆದರೂ ಬಾಗಿಲ ಹೊರಗೆ ಕಾಯುತ್ತಿದ್ದ ಆ ಮಗುವಿನಂತೆ ಮನೆಯನ್ನೇ ನೋಡುತ್ತಿದ್ದೆ. ಕಿಟಕಿಯಲ್ಲಿ ಅವ್ವನ ಬಾಗಿದ ತಲೆ ಕಂಡಿತು, ಅದರ ಪಕ್ಕ ದುರ್ಗಪ್ಪ ಮತ್ತು ನನ್ನ ಬದಲಿಗೆ ಸಾಕ್ಷಿಯಾಗಿ ಬಂದ ಶಾಲೆಯ ಗುರುಮಾತೆಯ ತಲೆಗಳು. ಬಹಳ ಹೊತ್ತಿನ ಮೇಲೆ ಅವ್ವನೇ ಗೋಡೆ ಹಿಡಿದು ಬಾಗಿಲಿಗೆ ಬಂದಳು.

"ಬಾ," ಎಂದಳು. "ಈಗ ನೀ ಖರೇನ ಒಳಗ ಬಂದಿ."

ಒಂಬತ್ತು ತಿಂಗಳಿಗೆ ಅವಳು ತೀರಿಕೊಂಡಳು. ಮಹಾರುದ್ರ ದನಿಹರಳೊಂದನ್ನು ಹಿಡಿದು ನ್ಯಾಯಮಂಟಪಕ್ಕೆ ಬಂದ. ಅದರೊಳಗೆ ಅವ್ವನ ದನಿ, ಅವಳದೇ ಕೆಮ್ಮು, ಅವಳದೇ ಉಸಿರು, ಮನಿ ನಿನಗನ ಬಿಟ್ಟೀನೋ ಎನ್ನುತ್ತಿತ್ತು. ಸುಳ್ಳೆಂದು ತಿಳಿದೂ ನಾನು ಅತ್ತುಬಿಟ್ಟೆ. ನ್ಯಾಯಾಧೀಶರು ಹರಳನ್ನು ಪಕ್ಕಕ್ಕಿಟ್ಟು ಕಾಗದ ಕೇಳಿದರು. ದುರ್ಗಪ್ಪನೂ ಗುರುಮಾತೆಯೂ ಕಂಡದ್ದನ್ನು ಕಂಡಂತೆ ಹೇಳಿದರು. ಮನೆ ನನಗೆ ಉಳಿಯಿತು.

ಮಗ್ಗ ಒಯ್ಯಲು ಬಂದ ದಿನ ಮಹಾರುದ್ರ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅತ್ತೆ ಸತ್ತ ಸಂಕಟಕ್ಕೆ, ಅವಳು ತನ್ನೊಡನೆ ಮಾತಾಡಿದಂತೆ ಇರಲೆಂದು ಆ ದನಿಯನ್ನು ನೇಯಿಸಿದ್ದನಂತೆ. ಕೇಳುತ್ತ ಕೇಳುತ್ತ ಅದನ್ನೇ ನಂಬಿಬಿಟ್ಟಿದ್ದ. ನಾನು ರೊಟ್ಟಿ ಬಡಿಸಿದೆ. ಉಂಡ ಮೇಲೆ ಇಬ್ಬರೂ ಕೂತು ಆ ಹರಳನ್ನು ಇನ್ನೊಮ್ಮೆ ಕೇಳಿದೆವು. ಅಳಿಸಲು ಇಬ್ಬರಿಗೂ ಕೈ ಬರಲಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಇನ್ನೂ ಸಮಯವಿದೆ. ಎಲ್ಲರಿಗೂ ಗೊತ್ತು ಎಂದು ಸುಮ್ಮನಿರಬೇಡಿ. ಕೈ ನಡುಗುವ ಮೊದಲೇ ಕಾನೂನು ಬಲ್ಲವರ ಎದುರು ಕೂತು, ಪ್ರೀತಿಸುವವರ ಹೆಸರನ್ನು ಇರಬೇಕಾದ ಜಾಗದಲ್ಲಿ ಬರೆಯಿಸಿ. ನೀವು ಹೋದ ಮೇಲೆ ನಿಮ್ಮ ಪರವಾಗಿ ಮಾತಾಡಲು ಬಹಳ ಜನ ಬರುತ್ತಾರೆ. ಅವರಲ್ಲಿ ಕೆಲವರು ನಿಜವಾಗಿಯೂ ಅಳುತ್ತಿರುತ್ತಾರೆ.

ನಿಮ್ಮ ನೀರಿನ ಮೇಲಿನ ಮಗಳು,
ಹೊಳೆವ್ವ